ಮಿಲಿಟರಿ ಬ್ಯಾಂಡ್ ಸೇರಬೇಕಾ? ಉತ್ತರ ಕನ್ನಡದ ಮಕ್ಕಳಿಗೆ ಒಂದು ದಾರಿ

2005ರಲ್ಲಿ ಕಾರವಾರಕ್ಕೆ ಐಎನ್‌ಎಸ್ ಕದಂಬ ಬಂದ ಮೇಲೆ ನಮ್ಮ ಕಡೆಯವರಿಗೆ ನೇವಿ ಎಂದರೆ ಹಡಗು, ಬಂದೂಕು, ವರ್ಕ್‌ಶಾಪು. ಅದೇ ನೇವಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಕ್ಲಾರಿನೆಟ್ ನುಡಿಸಿ ಸಂಬಳ ತಗೊಳ್ಳುವವರೂ ಇದ್ದಾರೆ ಎಂದರೆ ಜನ ನಂಬುವುದಿಲ್ಲ. "ಬ್ಯಾಂಡ್ ಬಾರಿಸೋದೂ ಒಂದು ನೌಕರಿನಾ ಮಾರಾಯ್ರೆ?" ಎಂದು ಕೇಳುವ ಅಪ್ಪಂದಿರೇ ಜಾಸ್ತಿ.

ಹೌದು, ನೌಕರಿಯೇ. ವಾಯುಪಡೆಯ ಬ್ಯಾಂಡ್ 1944ರಲ್ಲಿ, ನೌಕಾಪಡೆಯ ಬ್ಯಾಂಡ್ 1945ರಲ್ಲಿ ಹುಟ್ಟಿದವು. ಭೂಸೇನೆಯ ರೆಜಿಮೆಂಟ್ ಬ್ಯಾಂಡುಗಳು ಅದಕ್ಕಿಂತ ಹಳೆಯವು. ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರದ ಕಡೆ ಮನೆಗೊಬ್ಬರು ಹಾಡುವವರೋ ಮದ್ದಲೆ ಬಾರಿಸುವವರೋ ಇರುತ್ತಾರೆ. ಹೀಗಿದ್ದೂ ಈ ಕೆಲಸಕ್ಕೆ ಅರ್ಜಿ ಹಾಕುವವರು ಬಲು ಕಡಿಮೆ. ಹಾಕಿದವರೂ ಸೋಲುವುದು ಸ್ವರ, ಲಯದಲ್ಲಿ ಅಲ್ಲ. ಬರೆದದ್ದನ್ನು ಓದಿ ನುಡಿಸುವುದು ಮತ್ತು ಇಪ್ಪತ್ತು ಜನರ ನಡುವೆ ಕೂತು ನುಡಿಸುವುದು, ಈ ಎರಡರಲ್ಲಿ. ಹಾಗಾಗಿ ಈ ಲೇಖನದಲ್ಲೂ ಅದಕ್ಕೇ ಜಾಸ್ತಿ ಜಾಗ.

1. ಕೆಲಸ ಎಂಥದ್ದು ಅಂತ ಮೊದಲು ತಿಳಿದುಕೊಳ್ಳಿ

ಬ್ಯಾಂಡಿನವರು ಮೊದಲು ಸೈನಿಕರು, ಆಮೇಲೆ ಸಂಗೀತಗಾರರು. ಕವಾಯತು, ಓಟ, ಇಸ್ತ್ರಿ ಹಾಕಿದ ಯೂನಿಫಾರ್ಮು ಎಲ್ಲವೂ ಇದೆ. ಭೂಸೇನೆಯಲ್ಲಿ ಯುದ್ಧ ಬಂದರೆ ಬ್ಯಾಂಡಿನವರು ಗಾಯಾಳುಗಳ ಸ್ಟ್ರೆಚರ್ ಹೊರುವ ಪದ್ಧತಿ ಹಿಂದಿನಿಂದ ಬಂದಿದೆ. ಶಾಂತಿಕಾಲದಲ್ಲಿ ಪೆರೇಡು, ಪಾಸಿಂಗ್ ಔಟ್, ವಿದೇಶಿ ಅತಿಥಿಗಳ ಸ್ವಾಗತ, ಮೆಸ್ಸಿನ ಔತಣ, ಸೈನಿಕನ ಅಂತ್ಯಸಂಸ್ಕಾರ. ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಟಿವಿಯಲ್ಲಿ ಎಲ್ಲರೂ ನೋಡಿರುತ್ತಾರೆ. ಆ ಒಂದು ಸಂಜೆಗಾಗಿ ದಿನಗಟ್ಟಲೆ ಚಳಿಯಲ್ಲಿ ತಾಲೀಮು ನಡೆದಿರುತ್ತದೆ. ಚಳಿಗೆ ಹಿತ್ತಾಳೆ ವಾದ್ಯದ ಶ್ರುತಿ ಇಳಿಯುತ್ತದೆ, ಬಿಸಿಲಿಗೆ ಏರುತ್ತದೆ. ಅದನ್ನೂ ಸಂಭಾಳಿಸಬೇಕು. ಕುರ್ಚಿ, ಸ್ಟ್ಯಾಂಡು, ದೊಡ್ಡ ಡ್ರಮ್ಮು ಹೊತ್ತು ಸಾಗಿಸುವವರೂ ಬ್ಯಾಂಡಿನವರೇ.

ವೇದಿಕೆಯ ಮೇಲೆ ಒಬ್ಬನೇ ಕೂತು ಅರ್ಧ ಗಂಟೆ ಆಲಾಪ ಮಾಡುವ ಆಸೆ ಇದ್ದರೆ ಈ ಕೆಲಸ ಬೇಡ. ಇಲ್ಲಿ ನಿಮ್ಮ ವಾದ್ಯ ಕೇಳಬೇಕು, ಆದರೆ ಎದ್ದು ಕೇಳಬಾರದು.

2. ವಾದ್ಯ ಆರಿಸುವುದು

ಕೈಯಲ್ಲಿ ಈಗಾಗಲೇ ಇರುವ ವಿದ್ಯೆಯಿಂದ ಹತ್ತಿರದ ವಾದ್ಯಕ್ಕೆ ದಾಟಿ. ಬಾನ್ಸುರಿ ಗೊತ್ತಿದ್ದವರಿಗೆ ಪಾಶ್ಚಾತ್ಯ ಕೊಳಲು ಸುಲಭ, ಯಾಕೆಂದರೆ ತುಟಿಯ ಕೆಲಸ ಹೆಚ್ಚು ಕಡಿಮೆ ಒಂದೇ. ಕೀಲಿಗಳ ಮೇಲೆ ಬೆರಳು ಕೂರಿಸುವುದಷ್ಟೇ ಹೊಸತು. ದೇವಸ್ಥಾನದ ಪಂಚವಾದ್ಯದಲ್ಲಿ ಮೌರಿ, ಶಹನಾಯಿ ಊದುವ ಮನೆಯ ಮಕ್ಕಳು ಓಬೋ ಕಡೆ ನೋಡಲಿ. ಅದಕ್ಕೂ ಜೋಡಿ ರೀಡ್ (ಊದಿದಾಗ ಅದುರುವ ತೆಳು ಪಟ್ಟಿ) ಇರುತ್ತದೆ, ಕಲಿಯುವವರೂ ಕಡಿಮೆ. ಹಾರ್ಮೋನಿಯಂನವರಿಗೆ ಕೀಬೋರ್ಡು. ಮದುವೆ, ಗಣಪತಿ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಹಿಡಿದವರು ಅದನ್ನೇ ಹಿಡಿಯಲಿ. ಆದರೆ ಸಿನಿಮಾ ಹಾಡನ್ನು ಕಿವಿಯಿಂದ ಹಿಡಿಯುವ ಅಭ್ಯಾಸ ಒಂದೇ ಸಾಲದು.

ವಾಯುಪಡೆಯ ಪಟ್ಟಿಯಲ್ಲಿ ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್, ಫ್ರೆಂಚ್ ಹಾರ್ನ್, ಟ್ರಂಪೆಟ್, ಟ್ರಾಂಬೋನ್, ಯೂಫೋನಿಯಂ (ಟ್ಯೂಬಾದ ಸಣ್ಣ ತಮ್ಮನಂಥ ಹಿತ್ತಾಳೆ ವಾದ್ಯ), ಟ್ಯೂಬಾ ಇವೆ. ಜೊತೆಗೆ ಕೀಬೋರ್ಡು, ಗಿಟಾರು, ವಯಲಿನ್ನು, ಡ್ರಮ್ಸು ಮತ್ತು ಭಾರತೀಯ ಶಾಸ್ತ್ರೀಯ ವಾದ್ಯಗಳಿಗೂ ಜಾಗ ಇದೆ. ನನ್ನ ಮಾತು ಕೇಳುವುದಾದರೆ ಊದುವ ವಾದ್ಯ ಹಿಡಿಯಿರಿ. ಬ್ಯಾಂಡಿನ ಮೈ ಕಟ್ಟುವುದೇ ಅವು. ಗಿಟಾರು ಬಾರಿಸುವವರು ಊರ ತುಂಬಾ ಸಿಗುತ್ತಾರೆ, ಯೂಫೋನಿಯಂ ಹಿಡಿದವರನ್ನು ಹುಡುಕಬೇಕು.

ಕ್ಲಾರಿನೆಟ್ ಕೊಳ್ಳುವುದಾದರೆ ಶುರುವಿಗೆ ಪ್ಲಾಸ್ಟಿಕ್ ಮೈಯದೇ ಸಾಕು. ನಮ್ಮ ಮಳೆಗಾಲಕ್ಕೆ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡಬಹುದು. ಜೂನ್ ಬಂತೆಂದರೆ ರೀಡಿಗೆ ಬೂಸಲು, ಪ್ಯಾಡಿಗೆ ತೇವ, ಹಿತ್ತಾಳೆಗೆ ಕಪ್ಪು. ನುಡಿಸಿದ ಮೇಲೆ ಒಳಗಿನ ಉಗುಳು ಒರೆಸದೆ ಪೆಟ್ಟಿಗೆ ಮುಚ್ಚಬೇಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕಡಲಿನ ಪಕ್ಕದ ಮನೆಯಾದರೆ ಟ್ರಂಪೆಟ್ಟಿನ ವಾಲ್ವಿಗೆ ಎಣ್ಣೆ ಹಾಕುವುದನ್ನು ಮರೆಯಲೇಬಾರದು.

3. ಕಪ್ಪು ಐದು ಅಂದರೆ ಬಿ ಫ್ಲ್ಯಾಟ್

ನಮ್ಮ ಸಂಗೀತದಲ್ಲಿ ಷಡ್ಜ ಅವರವರ ಕಂಠಕ್ಕೆ ಬಿಟ್ಟದ್ದು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಬ್ಬರದು ಕಪ್ಪು ಒಂದು, ಇನ್ನೊಬ್ಬರದು ಬಿಳಿ ನಾಲ್ಕು. ಬ್ಯಾಂಡಿನಲ್ಲಿ ಹಾಗಿಲ್ಲ. ಹಾಳೆಯ ಮೇಲೆ ಯಾವ ಗೆರೆಯಲ್ಲಿ ಚುಕ್ಕೆ ಇದೆಯೋ ಅದೇ ಸ್ವರ, ಎಲ್ಲರಿಗೂ. ಇದಕ್ಕೆ ಸ್ಟಾಫ್ ನೊಟೇಶನ್ ಎನ್ನುತ್ತಾರೆ. ಐದು ಗೆರೆ, ನಾಲ್ಕು ಸಂದು. ಅಕ್ಷರ ಗುರುತಿಸುವುದಕ್ಕೆ ಒಂದು ತಿಂಗಳು ಬೇಕು, ನಿಲ್ಲದೆ ಓದಿ ನುಡಿಸುವುದಕ್ಕೆ ಒಂದೆರಡು ವರ್ಷ.

ಇನ್ನೊಂದು ತೊಡಕು ಇದೆ, ಹೊಸಬರು ಬೆಪ್ಪಾಗುವುದು ಇಲ್ಲೇ. ಬ್ಯಾಂಡಿನ ಮುಂದಾಳು "ಕನ್ಸರ್ಟ್ ಬಿ ಫ್ಲ್ಯಾಟ್ ಕೊಡಿ" ಎನ್ನುತ್ತಾನೆ. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಅದು ಕಪ್ಪು ಐದು. ಆ ಒಂದೇ ಸ್ವರ ಕೇಳಿಸಬೇಕಾದರೆ ಕ್ಲಾರಿನೆಟ್ಟು, ಟ್ರಂಪೆಟ್ಟಿನವರು ತಮ್ಮ ಹಾಳೆಯ ಸಿ ನುಡಿಸಬೇಕು. ಆಲ್ಟೊ ಸ್ಯಾಕ್ಸೊಫೋನಿನವರು ಜಿ, ಫ್ರೆಂಚ್ ಹಾರ್ನಿನವರು ಎಫ್. ಕೊಳಲಿನವರು ಮಾತ್ರ ಬಿ ಫ್ಲ್ಯಾಟನ್ನೇ. ವಾದ್ಯಗಳ ಉದ್ದ ಬೇರೆ, ಹಾಳೆ ಬರೆಯುವ ರೂಢಿ ಬೇರೆ, ಅದಕ್ಕೇ ಹೀಗೆ. ಹಾರ್ಮೋನಿಯಂ ಮುಂದೆ ಕೂತು ಒಬ್ಬರು ಕಪ್ಪು ಐದು ಒತ್ತಿ ಹಿಡಿಯಲಿ, ನೀವು ನಿಮ್ಮ ವಾದ್ಯದ ಸಿ ಅಥವಾ ಜಿ ಊದಿ ಅದರೊಳಗೆ ಕರಗಿಸಿ. ಎರಡೂ ಸೇರದಿದ್ದರೆ ಒಂದು ಅಲುಗಾಟ ಕೇಳುತ್ತದೆ, ವೋಂ-ವೋಂ ಅಂತ. ಸೇರುತ್ತಾ ಬಂದಂತೆ ಅದು ನಿಧಾನವಾಗಿ ನಿಲ್ಲುತ್ತದೆ. ಮೊಬೈಲ್ ಟ್ಯೂನರ್ ನೋಡಿ ಮುಳ್ಳು ಹಸಿರಾಯ್ತು ಅಂತ ಸುಮ್ನೆ ಕೂರಬೇಡಿ, ಈ ಅಲುಗಾಟ ಕಿವಿಯಿಂದ ಹಿಡಿಯಲು ಕಲಿಯಿರಿ. ಹಳೆ ಹಾರ್ಮೋನಿಯಂ ಶ್ರುತಿ ತಪ್ಪಿರಬಹುದು, ಎ ಸ್ವರ 440 ಹರ್ಟ್ಸ್‌ಗೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಕಲಿಯುವುದು ಎಲ್ಲಿ? ಕಾರವಾರ, ಅಂಕೋಲಾದವರಿಗೆ ಗೋವಾ ಪಕ್ಕದಲ್ಲೇ ಇದೆ. ಮಡಗಾಂವಿಗೆ ಕೊಂಕಣ ರೈಲಿದೆ. ಅಲ್ಲಿ ಚರ್ಚ್ ಸಂಗೀತದ ದೆಸೆಯಿಂದ ಪಾಶ್ಚಾತ್ಯ ವಾದ್ಯ ಕಲಿಸುವವರು ಧಾರಾಳವಾಗಿ ಸಿಗುತ್ತಾರೆ, ಪಣಜಿಯ ಕಲಾ ಅಕಾಡೆಮಿಯಲ್ಲೂ ಕಲಿಸುತ್ತಾರೆ. ವಾರಕ್ಕೊಂದು ಪಾಠವಾದರೂ ಸಾಕು, ಉಳಿದದ್ದು ಮನೆಯಲ್ಲಿ. ಘಟ್ಟದ ಮೇಲಿನವರಿಗೆ ಇದು ಕಷ್ಟ. ಶಿರಸಿಯವರು ಹಿಂದೂಸ್ತಾನಿ ಗುರುಗಳ ಹತ್ತಿರ ಕಿವಿ ಗಟ್ಟಿ ಮಾಡಿಕೊಂಡು, ನೊಟೇಶನ್ನನ್ನು ಆನ್‌ಲೈನ್ ಪಾಠದಲ್ಲಿ ಹಿಡಿಯುವುದು ಒಳ್ಳೆಯದು. ಗಾಂಧರ್ವ ಮಹಾವಿದ್ಯಾಲಯದ ಪ್ರವೇಶಿಕಾ, ಮಧ್ಯಮಾ ಪರೀಕ್ಷೆ ಕಟ್ಟಿದ್ದರೆ ಸರ್ಟಿಫಿಕೇಟು ಜೋಪಾನ ಮಾಡಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳೂ ಕೆಲಸಕ್ಕೆ ಬರುತ್ತವೆ.

4. ಚಂಡೆಯವರಿಗೆ ಒಂದು ಎಚ್ಚರಿಕೆ

ಯಕ್ಷಗಾನದ ಚಂಡೆ ಬಾರಿಸುವವರ ಮಣಿಕಟ್ಟು ಸೈಡ್ ಡ್ರಮ್ಮಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ತೊಂದರೆ ಬೇರೆ ಕಡೆ. ಬಡಗುತಿಟ್ಟಿನಲ್ಲಿ ಪ್ರಸಂಗ ಏರಿದಂತೆ ಕಾಲವನ್ನೂ ಏರಿಸುವುದು ಕಲೆ. ಮಾರ್ಚಿನಲ್ಲಿ ಅದೇ ಕೆಲಸ ಮಾಡಿದರೆ ಹಿಂದೆ ನಡೆಯುವ ಪ್ಲಟೂನಿನ ಹೆಜ್ಜೆಯೆಲ್ಲ ಕೆಡುತ್ತದೆ. ಕ್ವಿಕ್ ಮಾರ್ಚ್ ಎಂದರೆ ನಿಮಿಷಕ್ಕೆ 120 ಹೆಜ್ಜೆ. ಮೊದಲ ನಿಮಿಷವೂ 120, ಹತ್ತನೆಯ ನಿಮಿಷವೂ 120. ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ಒಂದೇ ಪೆಟ್ಟನ್ನು ಹತ್ತು ನಿಮಿಷ ಬಾರಿಸಿ. ಬೇಜಾರಾಗುತ್ತದೆ. ಆ ಬೇಜಾರಿನಲ್ಲೂ ಕೈ ಓಡಬಾರದು, ಅದೇ ಪಾಠ.

ಒಂಟಿ ಪೆಟ್ಟಿನ ರೋಲ್, ಜೋಡಿ ಪೆಟ್ಟಿನ ರೋಲ್, ಫ್ಲ್ಯಾಮ್ (ದೊಡ್ಡ ಪೆಟ್ಟಿಗೆ ಮುಂಚೆ ತಾಗುವ ಸಣ್ಣ ಪೆಟ್ಟು), ಪ್ಯಾರಡಿಡಲ್, ಈ ನಾಲ್ಕರಿಂದ ಶುರು ಮಾಡಿ. ಪ್ಯಾರಡಿಡಲ್ ಎಂದರೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಹಾಲಕ್ಕಿ ಮನೆಯ ಗುಮಟೆ, ಸಿದ್ದಿಗಳ ಡಮಾಮಿ ಬಾರಿಸಿ ಬೆಳೆದವರಿಗೂ ಇದೇ ಮಾತು: ಲಯ ಬಿಡಬೇಡಿ, ಅದನ್ನು ಬರೆದು ಓದುವುದನ್ನು ಕಲಿಯಿರಿ.

5. ಮೈ ಮತ್ತು ಬಾಯಿ

ನೌಕಾಪಡೆಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1.6 ಕಿಲೋಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಹುಡುಗಿಯರು 8 ನಿಮಿಷದಲ್ಲಿ ಓಡಬೇಕು. ಜೊತೆಗೆ ಬಸ್ಕಿ, ದಂಡ, ಸಿಟ್-ಅಪ್. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಓಡುವವರು ಇಳಿತದ ಹೊತ್ತಿಗೆ ನೀರಂಚಿನ ಗಟ್ಟಿ ಮರಳಿನಲ್ಲಿ ಓಡಿ. ಮೇಲಿನ ಸಡಿಲ ಮರಳಿನಲ್ಲಿ ಕಾಲಿಗೆ ಬಲ ಬರುತ್ತದೆ, ಟೈಮ್ ಮಾತ್ರ ಗೊತ್ತಾಗುವುದಿಲ್ಲ.

ಊದುವವರಿಗೆ ಹಲ್ಲು, ತುಟಿಯೇ ಬಂಡವಾಳ. ಮುಂದಿನ ಹಲ್ಲು ಅಲುಗಾಡುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ನಮ್ಮ ಕಡೆ ಕವಳ ಹಾಕದವರನ್ನು ಹುಡುಕಬೇಕು, ಗೊತ್ತು. ಆದರೆ ಅಡಿಕೆ, ತಂಬಾಕು ಜಗಿದು ಜಗಿದು ಬಾಯಿಯ ಒಳಚರ್ಮ ಬಿಗಿದು, ಬಾಯಿ ಪೂರ್ತಿ ತೆರೆಯದಂತಾಗುವ ಕಾಯಿಲೆ ಇದೆ. ಅದು ಬಂದ ಮೇಲೆ ಟ್ರಂಪೆಟ್ಟೂ ಇಲ್ಲ, ಮೆಡಿಕಲ್ಲೂ ಇಲ್ಲ.

6. ಅರ್ಜಿ ಮತ್ತು ಪರೀಕ್ಷೆ

ಈಗ ಸೇರುವುದು ಅಗ್ನಿಪಥದ ಮೂಲಕ. ನೇವಿಯಲ್ಲಿ ಅಗ್ನಿವೀರ್ ಎಂಆರ್ (ಮೆಟ್ರಿಕ್ ರಿಕ್ರೂಟ್) ಮ್ಯೂಸಿಷಿಯನ್, ವಾಯುಪಡೆಯಲ್ಲಿ ಅಗ್ನಿವೀರ್‌ವಾಯು ಮ್ಯೂಸಿಷಿಯನ್ ಎಂದು ಬೇರೆಯೇ ಪ್ರಕಟಣೆ ಹೊರಡುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಮದುವೆ ಆಗಿರಬಾರದು, ವಯಸ್ಸು ಹದಿನೇಳೂವರೆಯಿಂದ ಇಪ್ಪತ್ತೊಂದರ ಆಸುಪಾಸು. ಹುಡುಗಿಯರಿಗೂ ಅವಕಾಶ ಇದೆ. ಅಂಕ, ಎತ್ತರ, ಹುಟ್ಟಿದ ದಿನಾಂಕದ ಗಡಿ ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ. ದುಡ್ಡು ಕೊಟ್ಟರೆ ಸೇರಿಸುತ್ತೇನೆ ಎಂದವರನ್ನಂತೂ ಮನೆಯ ಜಗಲಿಗೂ ಕರೆಯಬೇಡಿ.

2024ರಲ್ಲಿ ವಾಯುಪಡೆಯ ಸಂಗೀತ ರ‍್ಯಾಲಿ ಕಾನ್ಪುರದ ಜೊತೆ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲೂ ನಡೆಯಿತು. ನಮಗೆ ರಾತ್ರಿ ಬಸ್ಸಿನ ದೂರ. ಅದರಲ್ಲಿ ವಾದ್ಯ ನುಡಿಸುವ ಪರೀಕ್ಷೆಯ ಜೊತೆ ಇಂಗ್ಲಿಷ್ ಲಿಖಿತ ಪರೀಕ್ಷೆಯೂ ಇರುತ್ತದೆ. ಸಂಗೀತ ಚೆನ್ನಾಗಿದ್ದೂ ಇಂಗ್ಲಿಷಿನಲ್ಲಿ ಕೆಡಿಸಿಕೊಳ್ಳಬೇಡಿ, ಹತ್ತನೇ ತರಗತಿಯ ವ್ಯಾಕರಣ ಒಮ್ಮೆ ತಿರುವಿ ಹಾಕಿ.

ನೇವಿಯವರು ನೋಡುವುದು ಮುಖ್ಯವಾಗಿ ಮೂರು: ತಾಳ-ಶ್ರುತಿ ತಪ್ಪದೆ ಒಂದು ಪೂರ್ತಿ ಹಾಡು ಹಾಡುವುದು, ನಿಮ್ಮ ವಾದ್ಯ ನುಡಿಸುವುದು, ವಾದ್ಯವನ್ನು ಕೊಟ್ಟ ಸ್ವರಕ್ಕೆ ಶ್ರುತಿ ಮಾಡುವುದು. ಮೂರನೆಯದಕ್ಕೆ ಯಾರೂ ತಯಾರಿ ಮಾಡುವುದಿಲ್ಲ. ಗೆಳೆಯರ ಮನೆಯ ಗಿಟಾರು, ತಂಬೂರಿ, ತಬಲಾ, ಏನು ಸಿಕ್ಕರೂ ಶ್ರುತಿ ಮಾಡಿ ನೋಡಿ. ಹಾಡುವುದಕ್ಕೆ ಭಾವಗೀತೆಯೋ ಭಜನೆಯೋ ಸಾಕು, ಪಲ್ಲವಿ ಹಾಡಿ ನಿಲ್ಲಿಸದೆ ಕೊನೆಯ ತನಕ ಹಾಡಬೇಕು. ಷಡ್ಜ ಕೆಳಗೆ ಜಾರಿದರೆ ಅವರಿಗೆ ಗೊತ್ತಾಗುತ್ತದೆ.

ಕಾಗದ ಪತ್ರ: ಅಂಕಪಟ್ಟಿ, ಆಧಾರ್, ನಾಡಕಚೇರಿಯ ವಾಸಸ್ಥಳ ಪ್ರಮಾಣಪತ್ರ, ಸಂಗೀತದ ಸರ್ಟಿಫಿಕೇಟು, ಎನ್‌ಸಿಸಿ ಇದ್ದರೆ ಅದೂ. ಹದಿನೆಂಟು ತುಂಬದವರಿಗೆ ಅಪ್ಪ-ಅಮ್ಮನ ಒಪ್ಪಿಗೆ ಸಹಿ ಬೇಕು. ಹೆಸರು, ತಾರೀಕು ಬರೆದ ಸ್ಲೇಟು ಹಿಡಿದ ಫೋಟೊ ಕೇಳುವುದೂ ಉಂಟು. ಸ್ಟುಡಿಯೋದವರು ನಗುತ್ತಾರೆ, ನಗಲಿ.

ಭೂಸೇನೆಯ ದಾರಿ ಸ್ವಲ್ಪ ಸುತ್ತು. ನಮ್ಮ ಜಿಲ್ಲೆಗೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿ. ಸೈನಿಕನಾಗಿ ಸೇರಿ ರೆಜಿಮೆಂಟ್ ಕೇಂದ್ರದಲ್ಲಿ ಬ್ಯಾಂಡಿಗೆ ಆಯ್ಕೆಯಾಗುವುದು ರೂಢಿ. ಹತ್ತಿರದ್ದೆಂದರೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ.

7. ದುಡ್ಡಿನ ಲೆಕ್ಕ

ಅಗ್ನಿವೀರರಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇಕಡ 30 ಸೇವಾ ನಿಧಿಗೆ ಹೋಗುತ್ತದೆ. ಅಂದರೆ ಮೊದಲ ವರ್ಷ ಕೈಗೆ ಸಿಗುವುದು 21,000. ಸರಕಾರವೂ ಅಷ್ಟೇ ಸೇರಿಸಿ, ನಾಲ್ಕು ವರ್ಷ ಮುಗಿದಾಗ ಸುಮಾರು 10 ಲಕ್ಷ ಕೊಡುತ್ತದೆ. ಪಿಂಚಣಿ ಇಲ್ಲ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇಕಡ 25 ಜನರನ್ನು. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಸಾಲ ಮಾಡಿ ದುಬಾರಿ ವಾದ್ಯ ತಗೊಳ್ಳುವ ಮುಂಚೆಯಂತೂ ಹೇಳಲೇಬೇಕು.

8. ಕಂಡಕ್ಟರ್ ಆಗುವುದು

ಕಂಡಕ್ಟರ್ ಹುದ್ದೆಗೇ ಅರ್ಜಿ ಹಾಕುತ್ತೇನೆ ಎಂದು ಹೊರಡಬೇಡಿ. ನೌಕಾಪಡೆಯಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಮೊದಲ ತರಬೇತಿ, ಆಮೇಲೆ ಮುಂಬೈಯ ಐಎನ್‌ಎಸ್ ಕುಂಜಾಲಿಯಲ್ಲಿ ಸಂಗೀತ ತರಬೇತಿ. ಖಾಯಂ ಆದವರು ಲೀಡಿಂಗ್, ಪೆಟ್ಟಿ ಆಫೀಸರ್, ಚೀಫ್, ಮಾಸ್ಟರ್ ಚೀಫ್ ಎಂದು ಮೆಟ್ಟಿಲು ಹತ್ತುತ್ತಾರೆ. ಬ್ಯಾಂಡಿನ ಮುಂದೆ ಕೋಲು ಹಿಡಿಯುವವರು ಇವರ ನಡುವಿನಿಂದಲೂ ಬರುತ್ತಾರೆ. ಭೂಸೇನೆಯವರಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಮಿಲಿಟರಿ ಮ್ಯೂಸಿಕ್ ವಿಂಗ್ ಇದೆ. ಮೊದಲೆಲ್ಲ ಬ್ಯಾಂಡ್ ಮಾಸ್ಟರ್ ಆಗುವವರು ಇಂಗ್ಲೆಂಡಿನ ಸೇನಾ ಸಂಗೀತ ಶಾಲೆ ನೆಲ್ಲರ್ ಹಾಲ್‌ಗೆ ಹೋಗಬೇಕಿತ್ತು. 1950ರಲ್ಲಿ ಪಚ್‌ಮಢಿಯ ಶಾಲೆ ಶುರುವಾದದ್ದು ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಆಸಕ್ತಿಯಿಂದ. ಬ್ಯಾಂಡ್ ಮಾಸ್ಟರ್ ಕೋರ್ಸು ಸುಮಾರು ಮೂರು ವರ್ಷದ್ದು.

ಜನ ಇಬ್ಬರನ್ನು ಒಬ್ಬರೇ ಅಂದುಕೊಳ್ಳುತ್ತಾರೆ. ಪೆರೇಡಿನಲ್ಲಿ ಉದ್ದನೆಯ ದಂಡ ತಿರುಗಿಸುತ್ತಾ ಮುಂದೆ ನಡೆಯುವವನು ಡ್ರಮ್ ಮೇಜರ್. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ದಂಡದಿಂದ ಹೇಳುತ್ತಾನೆ. ಬ್ಯಾಂಡಿನ ಎದುರು ನಿಂತು ಸಣ್ಣ ಕೋಲು ಆಡಿಸುವವನು ಕಂಡಕ್ಟರ್. ಸಂಗೀತಕ್ಕೆ ಜವಾಬ್ದಾರಿ ಅವನದು.

ಅವನ ಕೆಲಸದ ಬಿಗಿ ಎಷ್ಟು ಅಂತ ನೋಡಬೇಕಾದರೆ ರಾಷ್ಟ್ರಗೀತೆ ನೋಡಿ. ಪೂರ್ತಿ ಗೀತೆಗೆ ಸುಮಾರು 52 ಸೆಕೆಂಡು, ಚಿಕ್ಕ ರೂಪಕ್ಕೆ ಸುಮಾರು 20. ಗೀತೆಗೆ ಮೊದಲು ಡ್ರಮ್ ರೋಲ್ ಬರಬೇಕು, ಸ್ಲೋ ಮಾರ್ಚಿನ ಏಳು ಹೆಜ್ಜೆಯಷ್ಟು ಹೊತ್ತು. ಮೆತ್ತಗೆ ಶುರುವಾಗಿ, ಆದಷ್ಟು ಜೋರಾಗಿ, ಮತ್ತೆ ಮೆತ್ತಗೆ ಇಳಿಯಬೇಕು. ಏಳನೆಯ ಹೆಜ್ಜೆಯ ತನಕವೂ ಕೇಳುತ್ತಿರಬೇಕು. ಆಮೇಲೆ ಒಂದು ಪೆಟ್ಟಿನಷ್ಟು ಬಿಡುವು, ನಂತರ ಗೀತೆ. ಆ ಬಿಡುವಿನಲ್ಲಿ ಕಂಡಕ್ಟರ್ ಕೋಲು ಎತ್ತುತ್ತಾನೆ. ಆ ಎತ್ತುವಿಕೆಯಲ್ಲೇ ವೇಗ ಎಷ್ಟು, ಗಟ್ಟಿ ಎಷ್ಟು ಎಲ್ಲ ಗೊತ್ತಾಗಬೇಕು, ಊದುವವರೆಲ್ಲ ಒಟ್ಟಿಗೆ ಉಸಿರು ತಗೊಳ್ಳಬೇಕು. ಕೋಲು ಎತ್ತಿದ್ದು ಅನುಮಾನದ್ದಾದರೆ ಮೊದಲ ಸ್ವರ ಚೆಲ್ಲಾಪಿಲ್ಲಿ.

ಇದನ್ನು ಈಗಿನಿಂದಲೇ ಅಭ್ಯಾಸ ಮಾಡಬಹುದು. ಕನ್ನಡಿ ಮುಂದೆ ನಿಂತು ಬಲಗೈಯಲ್ಲಿ ಹಿಡಿಕಡ್ಡಿ ಹಿಡಿಯಿರಿ. ಎರಡರ ತಾಳಕ್ಕೆ ಕೆಳಗೆ-ಮೇಲೆ. ಮೂರಕ್ಕೆ ಕೆಳಗೆ-ಬಲ-ಮೇಲೆ. ನಾಲ್ಕಕ್ಕೆ ಕೆಳಗೆ-ಎಡ-ಬಲ-ಮೇಲೆ. ಎಡಗೈ ಬಲಗೈಯ ನಕಲು ಮಾಡಬಾರದು, ಅದರ ಕೆಲಸ ಜೋರು-ಮೆಲ್ಲಗೆ ಹೇಳುವುದು ಮತ್ತು ಬಹಳ ಹೊತ್ತು ಸುಮ್ಮನಿದ್ದವರಿಗೆ "ಈಗ ನೀವು" ಎಂದು ಸನ್ನೆ ಮಾಡುವುದು.

ಇನ್ನೊಂದು ಅಭ್ಯಾಸ ಇದಕ್ಕಿಂತ ಮುಖ್ಯ: ಬರೆಯುವುದು. ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಊರಿನ ಒಂದು ಸುಗ್ಗಿ ಹಾಡನ್ನೋ ಗುಮಟೆ ಪಾಂಗಿನ ಮಟ್ಟನ್ನೋ ತಗೊಂಡು ನಾಲ್ಕು ವಾದ್ಯಕ್ಕೆ ಹಂಚಿ. ಹಾಡು ಕ್ಲಾರಿನೆಟ್ಟಿಗೆ, ಅದಕ್ಕೆ ಉತ್ತರ ಕೊಡುವ ಸಾಲು ಯೂಫೋನಿಯಂಗೆ, ಕೆಳಗಿನ ಪೆಟ್ಟು ಟ್ಯೂಬಾಗೆ, ಗುಮಟೆಯ ಲಯ ಸೈಡ್ ಡ್ರಮ್ಮಿಗೆ. ಹೊಸಬರು ಎಲ್ಲರಿಗೂ ಎಲ್ಲ ಹೊತ್ತೂ ಕೆಲಸ ಕೊಟ್ಟುಬಿಡುತ್ತಾರೆ. ಉಸಿರು ತಗೊಳ್ಳಲು ಜಾಗ ಬಿಡಿ. ಬರೆದದ್ದನ್ನು ನಾಲ್ಕು ಜನರ ಕೈಗೆ ಕೊಟ್ಟು ನುಡಿಸಿ. ಎಲ್ಲಿ ಕೆಟ್ಟಿತು ಅಂತ ಒಂದು ಸಲ ಕೇಳಿದರೆ ಪುಸ್ತಕದ ಹತ್ತು ಪುಟಕ್ಕಿಂತ ಜಾಸ್ತಿ ಕಲಿಯುತ್ತೀರಿ.

9. ಅಲ್ಲಿ ಆಗದಿದ್ದರೆ

ಮೈಸೂರಿನ ಕರ್ನಾಟಕ ಪೊಲೀಸ್ ಬ್ಯಾಂಡ್ ನೋಡಿ. ದಸರೆಯಲ್ಲಿ ನುಡಿಸುವವರು ಅವರೇ. ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಅಲ್ಲಿದೆ, ಇಂಥದ್ದು ಬೇರೆಡೆ ಅಪರೂಪ. ಬಿಎಸ್‌ಎಫ್, ಸಿಆರ್‌ಪಿಎಫ್‌ಗಳಿಗೂ ಬ್ಯಾಂಡುಗಳಿವೆ. ಗಣರಾಜ್ಯೋತ್ಸವದ ಹೊತ್ತಿಗೆ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಯುವುದರಿಂದ ಬ್ಯಾಂಡ್ ಕಲಿಸುವವರನ್ನು ಶಾಲೆಗಳೂ ಹುಡುಕುತ್ತವೆ. ನಾಲ್ಕು ವರ್ಷ ನೇವಿ ಬ್ಯಾಂಡಿನಲ್ಲಿದ್ದು ಬಂದವರಿಗೆ ಅಲ್ಲಿ ಬೆಲೆ ಇದೆ. ವಯಸ್ಸು ಇನ್ನೂ ಹದಿನೈದು-ಹದಿನಾರು ಇರುವವರು ತಮ್ಮ ಶಾಲೆಯಲ್ಲೇ ಬ್ಯಾಂಡ್ ಇದೆಯಾ ಕೇಳಿ. ಇದ್ದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ, ಪಿಇ ಮಾಸ್ತರರ ಹತ್ತಿರ ಕೀಲಿ ಇಸಿದುಕೊಂಡು ಮೊದಲು ಡ್ರಮ್ಮಿನ ಚರ್ಮ ಬದಲಿಸಿ.